ಬಾಗಿಲು ಮುಚ್ಚಿದ ಜೂಜಿನಂಗಡಿ, ಬಾಗಿಲೇ ಇಲ್ಲದ ಜೂಜು

ಬ್ರಿಟನ್ನಿನ ಪೇಟೆಬೀದಿಗಳಲ್ಲಿ ಔಷಧದಂಗಡಿ, ಮಾಂಸದಂಗಡಿ, ಪಬ್ಬುಗಳ ಸಾಲಿನಲ್ಲಿ ಅರುವತ್ತು ವರ್ಷಗಳಿಗೂ ಮಿಕ್ಕಿ ನಿಂತಿದ್ದ ಬೆಟ್ಟಿಂಗ್ ಅಂಗಡಿಗಳು ಒಂದೊಂದಾಗಿ ಬಾಗಿಲು ಹಾಕಿಕೊಳ್ಳುತ್ತಿವೆ. 1970ರ ದಶಕದಲ್ಲಿ ಅವುಗಳ ಸಂಖ್ಯೆ ಸುಮಾರು 15,000 ಇತ್ತು. 2014ರ ಹೊತ್ತಿಗೆ ಸುಮಾರು 9,000ಕ್ಕೆ ಇಳಿದಿತ್ತು. 2024ರಲ್ಲಿ 6,000ಕ್ಕಿಂತ ಕೆಳಗೆ ಬಂದಿತು. ಜೂಜನ್ನು ಪಾಪವೆಂದು ಬಗೆಯುವ ಸಂಸ್ಕಾರದಲ್ಲಿ ಬೆಳೆದ ನಮಗೆ ಇದು ಶುಭವಾರ್ತೆಯಂತೆ ಕೇಳಿಸುವುದು ಸಹಜ. ಆದರೆ ಆ ದೇಶದ ಜನ ಜೂಜಾಡುವುದನ್ನು ಬಿಟ್ಟಿಲ್ಲ, ಅಂಗಡಿಗೆ ಹೋಗುವುದನ್ನು ಬಿಟ್ಟಿದ್ದಾರೆ, ಅಷ್ಟೆ.

ದೂರದ ದ್ವೀಪದ ಸುದ್ದಿ ನಮಗೇಕೆ ಎಂದು ಓದುಗರು ಕೇಳಬಹುದು. ಮುಂಬಯಿ, ಪುಣೆ, ಚೆನ್ನೈ, ಹೈದರಾಬಾದುಗಳಲ್ಲಿ ನೆಲೆನಿಂತ ನಾವು ಇದೇ ಸ್ಥಿತ್ಯಂತರವನ್ನು ಬೇರೊಂದು ವೇಷದಲ್ಲಿ ಕಂಡಿದ್ದೇವೆ. ಇಲ್ಲಿ ಮುಚ್ಚಿಹೋದದ್ದು ಗಲ್ಲಿಯ ತಿರುವಿನಲ್ಲಿ ಚೀಟಿ ಬರೆಯುತ್ತಿದ್ದ ಮಟಕಾದವನ ಠಾವು. ಅವನ ಜಾಗಕ್ಕೆ ಬಂದದ್ದು ಕಿಸೆಯೊಳಗಿನ ಮೊಬೈಲು. ಊರು ಬಿಟ್ಟು ಬಂದು, ಹೆತ್ತವರ ಹಾಗೂ ನೆರೆಹೊರೆಯವರ ಕಣ್ಣಿನಿಂದ ದೂರ, ಒಂಟಿಯಾಗಿ ದುಡಿಯುವ ತರುಣರು ಧಾರಾಳವಾಗಿರುವ ನಮ್ಮ ಸಮುದಾಯಕ್ಕೆ ಈ ಬದಲಾವಣೆಯ ಅರ್ಥವೇನು ಎಂಬುದೇ ನನ್ನ ಚಿಂತೆ. ಅದನ್ನು ಬಿಡಿಸಿ ನೋಡಲು ಬ್ರಿಟನ್ನಿನ ಉದಾಹರಣೆ ಅನುಕೂಲವಾದುದು. ಏಕೆಂದರೆ ಅಲ್ಲಿನ ಜೂಜಿನ ಪ್ರತಿಯೊಂದು ತಿರುವೂ ಕಾಯಿದೆಯ ಪುಟಗಳಲ್ಲಿ ದಾಖಲಾಗಿದೆ.

ಆ ಕತೆ ಆರಂಭವಾಗುವುದೇ ಇಬ್ಬಗೆಯ ನೀತಿಯಿಂದ. 1853ರ ಕಾಯಿದೆ ನಗದು ಪಣ ಹಿಡಿಯುವ ಮನೆಗಳನ್ನು ಮುಚ್ಚಿಸಿತು; 1906ರ ಕಾಯಿದೆ ಬೀದಿಯಲ್ಲಿ ಪಣ ಹಿಡಿಯುವುದನ್ನು ಅಪರಾಧವೆಂದು ಸಾರಿತು. ಆದರೆ ಬುಕ್ಕಿಯ ಬಳಿ ಉದ್ದರಿ ಖಾತೆ ಇಟ್ಟುಕೊಳ್ಳುವಷ್ಟು ಪ್ರತಿಷ್ಠೆಯುಳ್ಳ ಸಿರಿವಂತ ತನ್ನ ದಿವಾನಖಾನೆಯಲ್ಲಿ ಕುಳಿತೇ ಟೆಲಿಫೋನಿನ ಮೂಲಕ ಕುದುರೆಯ ಮೇಲೆ ಹಣ ಕಟ್ಟಬಹುದಾಗಿತ್ತು. ಪಂದ್ಯದ ಮೈದಾನಕ್ಕೇ ಹೋಗುವಷ್ಟು ಪುರುಸೊತ್ತು ಉಳ್ಳವನಿಗೂ ಅಡ್ಡಿಯಿರಲಿಲ್ಲ. ಗಿರಣಿಯ, ಗಣಿಯ ಕೂಲಿಕಾರ ಮಾತ್ರ ತನ್ನ ಚಿಲ್ಲರೆಯನ್ನು ಕಾಗದದ ಚೂರಿನಲ್ಲಿ ಸುತ್ತಿ, ಕಾರ್ಖಾನೆಯ ಗೇಟಿನ ಬಳಿಯೋ ಪಬ್ಬಿನ ಹಿತ್ತಿಲಲ್ಲೋ ಬುಕ್ಕಿಯ ಆಳಿಗೆ ಗುಟ್ಟಾಗಿ ದಾಟಿಸಬೇಕಾಗಿತ್ತು. ಅರ್ಧ ಶತಮಾನದ ಕಾಲ ಪೊಲೀಸರು ಈ ಆಳುಗಳನ್ನು ಹಿಡಿದರು, ದಂಡ ಹಾಕಿಸಿದರು, ಮತ್ತೆ ಹಿಡಿದರು. ಜೂಜು ನಿಲ್ಲಲಿಲ್ಲ.

ಕೊನೆಗೆ ಸೋಲೊಪ್ಪಿಕೊಂಡ ಪ್ರಭುತ್ವ 1960ರಲ್ಲಿ ಹೊಸ ಕಾಯಿದೆ ಮಾಡಿ, 1961ರ ಮೇ 1ರಿಂದ ಪರವಾನಗಿಯ ಅಂಗಡಿಗಳಿಗೆ ಅವಕಾಶ ನೀಡಿತು. ಆಗಿನ ಗೃಹಮಂತ್ರಿ ಆರ್. ಎ. ಬಟ್ಲರ್. ಅಂಗಡಿ ಇರಲಿ, ಆದರೆ ಅಲ್ಲಿ ಹೆಚ್ಚು ಹೊತ್ತು ನಿಲ್ಲಬೇಕೆಂದು ಯಾರಿಗೂ ಅನ್ನಿಸದಿರಲಿ ಎಂಬ ವಿಚಿತ್ರ ಧೋರಣೆ ಅಂದಿನದು. ಹೊರಗಿನವರಿಗೆ ಒಳಗು ಕಾಣಬಾರದು. ಒಳಗೆ ಸುಖವಾಗಿ ಕೂರುವ ಆಸನ ಇರಬಾರದು. ಚಹಾ, ತಿಂಡಿ ಮಾರಬಾರದು, ಟಿ.ವಿ. ಇಡಬಾರದು. ಪಂದ್ಯದ ವರದಿ ಧ್ವನಿವರ್ಧಕದಲ್ಲಿ ಬರುತ್ತಿತ್ತು; ನೌಕರನೊಬ್ಬ ಹಲಗೆಯ ಮೇಲೆ ದರಗಳನ್ನು ಬರೆಯುತ್ತ ಒರೆಸುತ್ತ ನಿಲ್ಲುತ್ತಿದ್ದ. ಎಳೆಯರು ಕೆಡಬಾರದೆಂಬ ಅತಿಕಾಳಜಿಯಿಂದ ಸಂಸತ್ತು ಈ ಅಂಗಡಿಗಳನ್ನು ಶವಸಂಸ್ಕಾರದವರ ಮಳಿಗೆಗಳಂತೆ ಮಾಡಿಬಿಟ್ಟಿತೆಂದು ಬಟ್ಲರ್ ಅವರೇ ಮುಂದೆ ತಮ್ಮ ಆತ್ಮಕಥನದಲ್ಲಿ ಹಾಸ್ಯ ಮಾಡಿದ್ದಾರೆ. ಈ ಕಟ್ಟುಪಾಡುಗಳು ಸಡಿಲಗೊಂಡದ್ದು 1986ರಲ್ಲಿ. ಸಂಜೆಯ ಹೊತ್ತು ತೆರೆದಿಡಲು ಅನುಮತಿ ದೊರೆತದ್ದು 1993ರಲ್ಲಿ.

ಈ ಮಂಕುಕವಿದ ಅಂಗಡಿಯಲ್ಲಿ ಒಂದು ವಿವೇಕವಿತ್ತೆಂದು ನನಗೆ ತೋರುತ್ತದೆ. ಅಲ್ಲಿಗೆ ಕಾಲಿನಿಂದ ನಡೆದೇ ಹೋಗಬೇಕಿತ್ತು; ದಾರಿಯಲ್ಲಿ ಪರಿಚಯದವರು ಎದುರಾಗಬಹುದಿತ್ತು. ಕಿಸೆಯಲ್ಲಿದ್ದ ನಗದು ಮುಗಿದರೆ ಆಟ ಮುಗಿಯಿತು. ಕಟ್ಟೆಯ ಆಚೆ ಕುಳಿತಾಕೆ ದಿನಾ ಬರುವವನ ಮುಖ ಬಲ್ಲವಳು. ವಾರದ ಸಂಬಳವನ್ನು ಒಂದೇ ಮಧ್ಯಾಹ್ನ ಕಳೆದುಕೊಂಡವನ ಕೈ ನಡುಗುವುದನ್ನು ಕಂಡವಳು. ಅವಳು ತಡೆಯುತ್ತಿದ್ದಳೆಂದು ನಾನು ಹೇಳುತ್ತಿಲ್ಲ. ಅವಳ ಸಂಬಳವೂ ಅದೇ ಹಣದಿಂದ ಬರಬೇಕು. ಆದರೂ ಸೋತವನ ಸೋಲನ್ನು ಕಂಡ ಇನ್ನೊಬ್ಬ ಮನುಷ್ಯ ಅಲ್ಲಿ ಇರುತ್ತಿದ್ದ, ಮತ್ತು ಸಂಜೆ ಅಂಗಡಿಯ ಬಾಗಿಲು ಹಾಕುತ್ತಿತ್ತು.

ಹಾಗೆಂದು ಅಂಗಡಿಯನ್ನು ಸ್ವರ್ಗವೆಂದು ವರ್ಣಿಸುವ ಮೋಹ ನನಗಿಲ್ಲ. ಅದನ್ನು ಒಳಗಿನಿಂದ ಕೆಡಿಸಿದವರು ಅದರ ಒಡೆಯರೇ. 2001ರಲ್ಲಿ ಬ್ರಿಟಿಷ್ ಸರಕಾರ ಪಣದ ಮೊತ್ತದ ಮೇಲಿನ ತೆರಿಗೆಯನ್ನು ತೆಗೆದು, ಬುಕ್ಕಿಯ ಒಟ್ಟು ಲಾಭದ ಮೇಲೆ ತೆರಿಗೆ ಹಾಕಿತು. ಕಂಪೆನಿಗಳು ಜಿಬ್ರಾಲ್ಟರಿನಂತಹ ತೆರಿಗೆಯಿಲ್ಲದ ತಾಣಗಳಿಗೆ ಓಡುತ್ತಿದ್ದುದನ್ನು ತಡೆಯುವುದು ಅದರ ಉದ್ದೇಶ. ಪರಿಣಾಮವಾಗಿ, ಕಡಿಮೆ ಲಾಭಾಂಶದ, ಅತಿ ವೇಗದ ಆಟಗಳೂ ಅಂಗಡಿಗೆ ಗಿಟ್ಟತೊಡಗಿದವು. ಕುದುರೆಪಂದ್ಯದ ಕಾಗದ ಹಿಡಿದು ಯೋಚಿಸುತ್ತಿದ್ದ ಮುದುಕರ ಪಕ್ಕದಲ್ಲಿ ರೂಲೆಟ್ ಆಡಿಸುವ ಯಂತ್ರಗಳು ಬಂದು ನಿಂತವು. ಇಪ್ಪತ್ತು ಸೆಕೆಂಡಿಗೆ ಒಂದು ಸುತ್ತು. ಸುತ್ತಿಗೆ 100 ಪೌಂಡಿನವರೆಗೆ ಪಣ. ಒಂದು ಅಂಗಡಿಗೆ ನಾಲ್ಕೇ ಯಂತ್ರ ಎಂಬ ಮಿತಿ ಇದ್ದುದರಿಂದ, ಹೆಚ್ಚು ಯಂತ್ರ ಬೇಕೆಂದವರು ಅದೇ ಬೀದಿಯಲ್ಲಿ ಮತ್ತೊಂದು ಅಂಗಡಿ ತೆರೆದರು. ಈ ಅಂಗಡಿಗಳು ದಟ್ಟವಾದದ್ದು ಬಡಜನರ ಕೇರಿಗಳಲ್ಲಿ. ಭಾರತೀಯ ಉಪಖಂಡದಿಂದ ವಲಸೆ ಹೋದವರು ಬಹಳಷ್ಟಿರುವ ಪೂರ್ವ ಲಂಡನ್ನಿನ ನ್ಯೂಹ್ಯಾಮ್ ಸ್ಥಳೀಯ ಆಡಳಿತ ಇದರ ವಿರುದ್ಧ ವರ್ಷಗಟ್ಟಲೆ ಹೋರಾಡಿತು. ಕ್ರಮೇಣ ಅಂಗಡಿಗಳ ಆದಾಯದ ಅರ್ಧಕ್ಕಿಂತ ಹೆಚ್ಚು ಪಾಲು ಈ ಯಂತ್ರಗಳಿಂದಲೇ ಬರತೊಡಗಿತು. ಮಿತಿಯನ್ನು 2 ಪೌಂಡಿಗೆ ಇಳಿಸುವ ನಿರ್ಧಾರ 2018ರಲ್ಲಿ ಆದರೂ ಜಾರಿ ತಡವಾಗುವುದೆಂದು ತಿಳಿದಾಗ ಕ್ರೀಡಾ ಸಚಿವೆ ಟ್ರೇಸಿ ಕ್ರೌಚ್ ರಾಜೀನಾಮೆಯಿತ್ತರು. (ನಮ್ಮಲ್ಲಿ ಇಂತಹ ಕಾರಣಕ್ಕೆ ಖಾತೆ ತೊರೆದ ಸಚಿವರನ್ನು ನೆನಪಿಸಿಕೊಳ್ಳಲು ತುಸು ಶ್ರಮಪಡಬೇಕಾದೀತು.) 2019ರ ಏಪ್ರಿಲ್‌ನಲ್ಲಿ ಹೊಸ ಮಿತಿ ಜಾರಿಗೆ ಬಂದದ್ದೇ ತಡ, ವಿಲಿಯಂ ಹಿಲ್ ಕಂಪೆನಿ ಸುಮಾರು 700 ಅಂಗಡಿಗಳನ್ನು ಮುಚ್ಚುವುದಾಗಿ ಪ್ರಕಟಿಸಿತು. ಅವು ಯಾವ ಹಣದಿಂದ ಬದುಕಿದ್ದವು ಎಂಬುದಕ್ಕೆ ಬೇರೆ ಸಾಕ್ಷ್ಯ ಬೇಕಿಲ್ಲ.

ಅಷ್ಟರಲ್ಲಿ ಜೂಜು ಬೇರೆಡೆಗೆ ಹೊರಟುಹೋಗಿತ್ತು. ಕುಂಬಾರಿಕೆಯ ಕಾರ್ಖಾನೆಗಳಿಗೆ ಹೆಸರಾಗಿದ್ದ ಸ್ಟೋಕ್ ನಗರದಲ್ಲಿ ಡೆನಿಸ್ ಕೋಟ್ಸ್ ಎಂಬಾಕೆ ತಂದೆಯ ಬೆಟ್ಟಿಂಗ್ ಅಂಗಡಿಗಳನ್ನು ನೋಡಿಕೊಳ್ಳುತ್ತಿದ್ದರು. ಆ ಅಂಗಡಿಗಳನ್ನೇ ಆಧಾರವಿಟ್ಟು ಬ್ಯಾಂಕಿನಿಂದ ಸಾಲ ತೆಗೆದು, ತಾತ್ಕಾಲಿಕ ಶೆಡ್ಡೊಂದರಲ್ಲಿ ಕುಳಿತು, 2001ರಲ್ಲಿ ಅವರು ಬೆಟ್365 ಎಂಬ ಅಂತರ್ಜಾಲ ಸಂಸ್ಥೆಯನ್ನು ಆರಂಭಿಸಿದರು. 2005ರಲ್ಲಿ ಅಂಗಡಿಗಳನ್ನು ಕೋರಲ್ ಕಂಪೆನಿಗೆ ಮಾರಿ ಕೈತೊಳೆದುಕೊಂಡರು. ಇಂದು ಅದು ಜಗತ್ತಿನ ದೊಡ್ಡ ಜೂಜಿನ ಸಂಸ್ಥೆಗಳಲ್ಲೊಂದು. ಅಂಗಡಿಯ ಕಾಲ ಮುಗಿಯಿತೆಂದು ಮೊದಲು ಅರಿತವರು ಅಂಗಡಿಯವರೇ.

ಬ್ರಿಟನ್ ಈಚೆಗೆ ಕೈಗೊಂಡ ಕ್ರಮಗಳನ್ನು ಒಟ್ಟಿಗೆ ಇಟ್ಟು ನೋಡಿದರೆ, ಕಳೆದುಹೋದ ಅಂಗಡಿಯ ಗೋಡೆಗಳನ್ನು ಕಾನೂನಿನ ಇಟ್ಟಿಗೆಗಳಿಂದ ಮತ್ತೆ ಕಟ್ಟುತ್ತಿರುವಂತೆ ಕಾಣುತ್ತದೆ. 2020ರಲ್ಲಿ ಕ್ರೆಡಿಟ್ ಕಾರ್ಡಿನಿಂದ ಜೂಜಾಡುವುದನ್ನು ನಿಷೇಧಿಸಿತು. ಅಂದರೆ ಇಲ್ಲದ ಹಣವನ್ನು ಕಟ್ಟುವಂತಿಲ್ಲ. ಅದೇ ವರ್ಷದಿಂದ ಗ್ಯಾಮ್‌ಸ್ಟಾಪ್ ಎಂಬ ಪಟ್ಟಿಯಲ್ಲಿ ತನ್ನ ಹೆಸರನ್ನು ತಾನೇ ಬರೆಸಿಕೊಂಡವನಿಗೆ ಪರವಾನಗಿಯ ಯಾವ ಅಂತರ್ಜಾಲ ಜೂಜುಕಟ್ಟೆಯೂ ಪ್ರವೇಶ ಕೊಡುವಂತಿಲ್ಲ. 2025ರಲ್ಲಿ ಅಂತರ್ಜಾಲದ ಸ್ಲಾಟ್ ಆಟಗಳಿಗೆ ಸುತ್ತಿಗೆ 5 ಪೌಂಡು, 25 ವರ್ಷಕ್ಕಿಂತ ಕಿರಿಯರಿಗೆ 2 ಪೌಂಡು ಎಂಬ ಮಿತಿ ಬಂತು. 2025ರ ನವೆಂಬರ್ ತಿಂಗಳ ಮುಂಗಡಪತ್ರ ಅಂತರ್ಜಾಲದ ಕ್ಯಾಸಿನೋ ಆಟಗಳ ತೆರಿಗೆಯನ್ನು 2026ರ ಏಪ್ರಿಲ್‌ನಿಂದ ಶೇ. 21ರಿಂದ ಶೇ. 40ಕ್ಕೆ ಏರಿಸಲು ನಿರ್ಧರಿಸಿತು. ಅಂಗಡಿಯಲ್ಲಿ ಕಟ್ಟುವ ಪಣದ ತೆರಿಗೆಯನ್ನು ಮುಟ್ಟಲಿಲ್ಲ. ಒಂದು ಕಾಲಕ್ಕೆ ಸಮಾಜದ ಕಳಂಕವೆನಿಸಿದ್ದ ಅಂಗಡಿ ಈಗ ಸರಕಾರದ ಕಣ್ಣಿಗೆ ಹೋಲಿಕೆಯಲ್ಲಿ ಸಭ್ಯವಾಗಿ ಕಾಣತೊಡಗಿರುವುದು ವಿಪರ್ಯಾಸವೇ ಸರಿ.

ಇನ್ನು ನಮ್ಮ ಮುಂಬಯಿಗೆ ಬರೋಣ. ಇಲ್ಲಿ ಪರವಾನಗಿಯ ಅಂಗಡಿ ಎಂದೂ ಇರಲಿಲ್ಲ. 1887ರ ಮುಂಬಯಿ ಜೂಜು ಪ್ರತಿಬಂಧಕ ಕಾಯಿದೆ ಇಂದಿಗೂ ಇದೆ. ಆದರೂ ಕಾನೂನಿನ ನೆರಳಿನಲ್ಲೇ ಮಟಕಾ ಬೆಳೆಯಿತು. ನ್ಯೂಯಾರ್ಕಿನ ಹತ್ತಿ ವಿನಿಮಯ ಕೇಂದ್ರದಿಂದ ತಂತಿಯ ಮೂಲಕ ಬರುತ್ತಿದ್ದ ಆರಂಭದ ಹಾಗೂ ಮುಕ್ತಾಯದ ದರಗಳ ಮೇಲೆ ಪಣ ಕಟ್ಟುವುದು ಅದರ ಮೂಲ. ಆ ದರಗಳು ಬರುವುದು 1960ರ ದಶಕದ ಆರಂಭದಲ್ಲಿ ನಿಂತಾಗ, 1962ರಲ್ಲಿ ಕಲ್ಯಾಣ್‌ಜಿ ಭಗತ್, 1964ರಲ್ಲಿ ರತನ್ ಖತ್ರಿ ತಮ್ಮದೇ ಅಂಕೆಗಳನ್ನು ತೆಗೆಯತೊಡಗಿದರು. ಮಡಕೆಯಿಂದ ಚೀಟಿ ಎತ್ತುವ ಬದಲು ಇಸ್ಪೀಟಿನ ಎಲೆಗಳನ್ನು ಎತ್ತುವ ಪದ್ಧತಿ ಬಂದರೂ ಮಟಕಾ, ಅಂದರೆ ಮಡಕೆ, ಎಂಬ ಹೆಸರು ಉಳಿಯಿತು. ಹತ್ತಿಯ ದರದ ‘ಓಪನ್’, ‘ಕ್ಲೋಸ್’ ಎಂಬ ಮಾತುಗಳೂ ಉಳಿದವು. ನಮ್ಮೂರ ಕಡೆ ಇಂದಿಗೂ ಬಳಕೆಯಲ್ಲಿರುವ ‘ಓಸಿ’ ಎಂಬ ಪದದ ಹುಟ್ಟು ಇಲ್ಲಿದೆ. ಹತ್ತು ಅಂಕೆಗಳಲ್ಲಿ ಒಂದನ್ನು ಸರಿಯಾಗಿ ಊಹಿಸಿದವನಿಗೆ ಸಾಮಾನ್ಯವಾಗಿ ಒಂದಕ್ಕೆ ಒಂಬತ್ತು. ಉಳಿದ ಒಂದು ಪಾಲು ಯಾರಿಗೆ ಸೇರುತ್ತಿತ್ತೆಂದು ವಿವರಿಸಬೇಕಾಗಿಲ್ಲ.

ಗಿರಣಗಾಂವದ ಕಾರ್ಮಿಕರು ಅದರ ಮುಖ್ಯ ಗಿರಾಕಿಗಳು. ಸಣ್ಣ ಪಣ, ನಿಶ್ಚಿತ ಹೊತ್ತು, ಪರಿಚಯದ ಚೀಟಿಗಾರ. ತುರ್ತುಪರಿಸ್ಥಿತಿಯಲ್ಲಿ ಖತ್ರಿ ಜೈಲು ಸೇರಿದರೂ ಮಟಕಾ ನಿಲ್ಲಲಿಲ್ಲ; 1982ರ ಜನವರಿಯಲ್ಲಿ ದತ್ತಾ ಸಾಮಂತರ ನೇತೃತ್ವದಲ್ಲಿ ಆರಂಭವಾದ ಗಿರಣಿ ಮುಷ್ಕರ ಮಾಡಿದಷ್ಟು ಹಾನಿಯನ್ನು ಪೊಲೀಸರು ಅದಕ್ಕೆ ಮಾಡಲಾರದೆ ಹೋದರು. ಸಂಬಳವೇ ಇಲ್ಲದವನು ಅಂಕೆಗೆ ಹಣವನ್ನೆಲ್ಲಿಂದ ತಂದಾನು? ಗಿರಣಿಗಳ ಜಾಗದಲ್ಲಿ ಗಗನಚುಂಬಿಗಳೆದ್ದವು. ಚೀಟಿ ಬರೆಯುವವರು ಚದುರಿದರು. ಕ್ರಿಕೆಟ್ಟಿನ ಸಟ್ಟಾ, ಲಾಟರಿಗಳು ಬಂದವು. 2020ರಲ್ಲಿ ಖತ್ರಿ ತೀರಿಕೊಂಡಾಗ ಹೊಸ ಪೀಳಿಗೆಯ ಅನೇಕರಿಗೆ ಆತ ಯಾರೆಂಬುದೇ ಗೊತ್ತಿರಲಿಲ್ಲ. ಆದರೆ ಅವರ ಕೈಯಲ್ಲಿದ್ದ ಮೊಬೈಲಿನಲ್ಲಿ ‘ಕಲ್ಯಾಣ್’ ಹೆಸರಿನ ಅಂಕೆಗಳು ಆಗಲೂ ಮಿನುಗುತ್ತಿದ್ದವು.

ಜೂಜಿಗೆ ಸ್ಥಳ, ಹೊತ್ತು, ಸಾಕ್ಷಿಗಳಿರುವುದು ನಮಗೇನೂ ಹೊಸತಲ್ಲ. ತುಳುನಾಡಿನ ಕೋಳಿ ಅಂಕಕ್ಕೆ ಬಯಲಿತ್ತು, ಜಾತ್ರೆಯ ಮರುದಿನವೆಂಬ ಗೊತ್ತಿತ್ತು. ಬಯಲುಸೀಮೆಯಲ್ಲಿ ದೀಪಾವಳಿಯ ಇಸ್ಪೀಟು ಹಬ್ಬದೊಡನೆ ಮುಗಿಯುತ್ತಿತ್ತು. ಆದರೆ ಸಾಕ್ಷಿಗಳಿದ್ದ ಮಾತ್ರಕ್ಕೆ ಕೇಡು ತಪ್ಪುತ್ತದೆ ಎನ್ನುವವರಿಗೆ ಪಂಪನಿಂದ ಕುಮಾರವ್ಯಾಸನವರೆಗೆ, ಯಕ್ಷಗಾನದ ರಂಗಸ್ಥಳದವರೆಗೆ, ನಮ್ಮ ಪರಂಪರೆ ಒಂದು ಉತ್ತರವನ್ನು ಇಟ್ಟುಕೊಂಡಿದೆ. ಧರ್ಮರಾಯ ಕದ್ದು ಆಡಲಿಲ್ಲ. ತುಂಬಿದ ಸಭೆಯಲ್ಲಿ, ಭೀಷ್ಮ ದ್ರೋಣರ ಕಣ್ಣೆದುರೇ ಆಡಿದ. ವಿದುರನೊಬ್ಬ ಬಾಯಿ ತೆರೆದ, ಉಳಿದವರು ತಲೆ ತಗ್ಗಿಸಿದರು. ಕಣ್ಣುಗಳಿದ್ದೂ ಕೆಲಸಕ್ಕೆ ಬಾರದೆ ಹೋಗುವುದು ಅಂದಿನಿಂದಲೂ ಇದೆ. ಆದರೂ ಅಲ್ಲಿ ವಿದುರನಿಗೆ ನಿಲ್ಲಲು ಒಂದು ಜಾಗವಿತ್ತು. ಸರಿರಾತ್ರಿ ಹೊದಿಕೆಯೊಳಗೆ ಬೆಳಗುವ ಮೊಬೈಲಿನ ಪರದೆಯ ಮುಂದೆ ವಿದುರ ಎಲ್ಲಿ ನಿಂತಾನು?

ನಮ್ಮ ಹೋಟೆಲುಗಳ ಅಟ್ಟದಲ್ಲಿ, ಕಟ್ಟಡದ ಕೆಲಸದವರ ತಗಡಿನ ಶೆಡ್ಡುಗಳಲ್ಲಿ, ಮೂರು ನಾಲ್ಕು ಮಂದಿ ಹಂಚಿಕೊಂಡ ಕೋಣೆಗಳಲ್ಲಿ ಮಲಗುವ ಹುಡುಗನನ್ನು ಊಹಿಸಿಕೊಳ್ಳಿ. ಹಿಂದೆ ಅವನು ಮಟಕಾಕ್ಕೆ ಹತ್ತು ರೂಪಾಯಿ ಕಟ್ಟಿದರೆ ಜೊತೆಯವರಿಗೆ ಗೊತ್ತಾಗುತ್ತಿತ್ತು. ಗಲ್ಲೆಯಲ್ಲಿ ಕೂತ ಮಾಲಿಕರ ಕಿವಿಗೂ ಬೀಳುತ್ತಿತ್ತು. ಊರಿಗೆ ಹೋದವರೊಬ್ಬರು ಅವನ ತಾಯಿಗೆ ಹೇಳದೆ ಇರುತ್ತಿರಲಿಲ್ಲ. ಈ ಚಾಡಿಯ ವ್ಯವಸ್ಥೆಯನ್ನು ನಾವು ಎಷ್ಟು ಬೈದುಕೊಂಡೆವೋ! ಈಗ ಅವನು ನಾಲ್ಕು ತಿಂಗಳ ಸಂಬಳ ಕಳೆದುಕೊಂಡರೂ ಪಕ್ಕದ ಚಾಪೆಯವನಿಗೆ ಸುಳಿವು ಹತ್ತುವುದಿಲ್ಲ. ಊರಿಗೆ ಹಣ ಹೋಗದಾದಾಗ ಮನೆಯವರಿಗೆ ಸಂಶಯ ಬರುತ್ತದೆ. ಅಷ್ಟು ಹೊತ್ತಿಗೆ ಅವನು ಸಾಲದ ಆ್ಯಪ್‌ಗಳ ಬಲೆಯಲ್ಲಿರುತ್ತಾನೆ.

ನಮ್ಮ ಸರಕಾರಗಳು ಏನು ಮಾಡಿದವು? ಮೊದಲಿನ ಇಪ್ಪತ್ತು ವರ್ಷ ‘ಕೌಶಲವೋ ಅದೃಷ್ಟವೋ’ ಎಂಬ ತರ್ಕದಲ್ಲಿ ಕಳೆದುಹೋದವು. ರಮ್ಮಿ ಪ್ರಧಾನವಾಗಿ ಕೌಶಲದ ಆಟವೆಂದು ಸುಪ್ರೀಂ ಕೋರ್ಟು 1967ರಲ್ಲಿ ಹೇಳಿತ್ತು; ಕುದುರೆಪಂದ್ಯವೂ ಹಾಗೆಯೇ ಎಂದು 1996ರಲ್ಲಿ ಹೇಳಿತು. ನಾಲ್ಕು ಮಂದಿ ಎದುರುಬದುರು ಕುಳಿತು ಆಡುವ ರಮ್ಮಿಯ ಬಗ್ಗೆ ಬಂದ ತೀರ್ಪನ್ನು ಕಂಪೆನಿಗಳು ಮೊಬೈಲಿನ ರಮ್ಮಿಗೆ ಗುರಾಣಿಯಾಗಿ ಹಿಡಿದವು. ಕರ್ನಾಟಕ 2021ರಲ್ಲಿ ಪೊಲೀಸ್ ಕಾಯಿದೆಗೆ ತಂದ ತಿದ್ದುಪಡಿಯ ಮುಖ್ಯ ಭಾಗಗಳನ್ನು 2022ರ ಫೆಬ್ರುವರಿಯಲ್ಲಿ ಅಲ್ಲಿನ ಹೈಕೋರ್ಟು ರದ್ದುಮಾಡಿತು. ತಮಿಳುನಾಡಿಗೂ ಇಂತಹುದೇ ಅನುಭವವಾಯಿತು. ಭಾರತದ ಕ್ರಿಕೆಟ್ ತಂಡದ ಅಂಗಿಯ ಎದೆಯ ಮೇಲೆ 2023ರಿಂದ ಎರಡು ವರ್ಷ ಡ್ರೀಮ್11 ಎಂಬ ಹೆಸರೇ ಇತ್ತು. ಕೊನೆಗೆ 2025ರ ಆಗಸ್ಟ್‌ನಲ್ಲಿ ಸಂಸತ್ತು ಎರಡೇ ದಿನಗಳಲ್ಲಿ ಹೊಸ ಕಾಯಿದೆಯನ್ನು ಅಂಗೀಕರಿಸಿತು. ಹಣ ಕಟ್ಟಿ ಆಡುವ ಅಂತರ್ಜಾಲದ ಆಟಗಳನ್ನು, ಕೌಶಲವಿರಲಿ ಅದೃಷ್ಟವಿರಲಿ, ಅದು ನಿಷೇಧಿಸುತ್ತದೆ. ನಡೆಸುವವನಿಗೆ ಮೂರು ವರ್ಷದವರೆಗೆ ಸೆರೆ, 1 ಕೋಟಿ ರೂಪಾಯಿವರೆಗೆ ದಂಡ. ಜಾಹೀರಾತು ಮಾಡುವವನಿಗೆ ಎರಡು ವರ್ಷ, 50 ಲಕ್ಷ. ಆಡುವವನಿಗೆ ಶಿಕ್ಷೆಯಿಲ್ಲ.

ಈ ಕಾಯಿದೆಯನ್ನು ನಾನು ಒಪ್ಪುತ್ತೇನೆ. ವ್ಯಕ್ತಿಸ್ವಾತಂತ್ರ್ಯದ ಹೆಸರಿನಲ್ಲಿ ಇದನ್ನು ವಿರೋಧಿಸುವವರು, ಹದಿನೆಂಟರ ಹುಡುಗನೊಬ್ಬನ ಸ್ವಾತಂತ್ರ್ಯವನ್ನೂ ಅವನ ಪ್ರತಿ ಸ್ಪರ್ಶವನ್ನು ಲೆಕ್ಕವಿಡುವ ಕಂಪೆನಿಯ ಸ್ವಾತಂತ್ರ್ಯವನ್ನೂ ಒಂದೇ ತಕ್ಕಡಿಯಲ್ಲಿ ತೂಗುತ್ತಾರೆ. ಚಲನಚಿತ್ರ ತಾರೆಯರೂ ಕ್ರಿಕೆಟಿಗರೂ ಮನೆಮನೆಯ ಪರದೆಯಲ್ಲಿ ಜೂಜಿಗೆ ಕರೆಯುವುದು ನಿಂತದ್ದೇ ದೊಡ್ಡ ಉಪಕಾರ. ಆದರೆ ಬ್ರಿಟನ್ನಿನ 1906ರ ಕಾಯಿದೆಯ ಕತೆ ನೆನಪಿರುವವರು ಇಷ್ಟಕ್ಕೇ ನೆಮ್ಮದಿಯಿಂದ ಮಲಗಲಾರರು. ಕಾರ್ಖಾನೆಯ ಗೇಟಿನ ಬಳಿ ನಿಲ್ಲುತ್ತಿದ್ದ ಆಳು ಈಗ ವಾಟ್ಸ್‌ಆ್ಯಪ್ ಸಂಖ್ಯೆಯಾಗಿದ್ದಾನೆ. 2023ರಲ್ಲಿ ದೊಡ್ಡ ಸುದ್ದಿಯಾದ ಮಹಾದೇವ್ ಆ್ಯಪ್ ಪ್ರಕರಣವನ್ನೇ ನೋಡಿ. ಅದರ ಸೂತ್ರಧಾರರು ದುಬೈಯಲ್ಲಿ ಕುಳಿತಿದ್ದರೆಂದು ತನಿಖಾ ಸಂಸ್ಥೆಗಳು ಹೇಳಿದವು. ಇಲ್ಲಿ ಪರವಾನಗಿಯಿಲ್ಲ, ಆದ್ದರಿಂದ ಪಣಕ್ಕೆ ಮಿತಿ ಹಾಕುವವರೂ ಇಲ್ಲ. ತನ್ನ ಹೆಸರನ್ನು ಹೊರಗಿಡಿ ಎಂದು ಆಟಗಾರ ಬೇಡಿಕೊಳ್ಳಬಹುದಾದ ಪಟ್ಟಿಯೂ ಇಲ್ಲ. ನಿಷೇಧದ ನಂತರವೂ ಆಡುವವನು ಹಿಂದಿಗಿಂತ ಹೆಚ್ಚು ಒಂಟಿ.

ಸಾಲದ ವಿಷಯದಲ್ಲಿಯೂ ಹೀಗೆಯೇ. 1872ರ ಭಾರತೀಯ ಕರಾರು ಕಾಯಿದೆಯ 30ನೆಯ ಕಲಮಿನ ಪ್ರಕಾರ ಪಣದ ಒಪ್ಪಂದ ಅಸಿಂಧು. ಜೂಜಿನಲ್ಲಿ ಗೆದ್ದ ಹಣಕ್ಕೆ ಯಾರೂ ದಾವೆ ಹೂಡುವಂತಿಲ್ಲ. ಹಳೆಯ ಮುಂಬಯಿ ಪ್ರಾಂತದಲ್ಲಂತೂ 1865ರಷ್ಟು ಹಿಂದೆಯೇ, ಪಣಕ್ಕೆ ಪೂರಕವಾಗಿ ಮಾಡಿಕೊಂಡ ಕರಾರುಗಳನ್ನೂ ಅಸಿಂಧುವೆಂದು ಶಾಸನ ಮಾಡಿದ್ದರು. ಮಟಕಾದವನ ಉದ್ದರಿ ಕೋರ್ಟಿನಲ್ಲಿ ನಿಲ್ಲುತ್ತಿರಲಿಲ್ಲ. ಅವನ ಬಳಿ ಇದ್ದುದು ತೋಳ್ಬಲ ಮಾತ್ರ. ಈಗ ಹುಡುಗ ಸಾಲ ತೆಗೆಯುವುದು ಜೂಜುಕಟ್ಟೆಯಿಂದಲ್ಲ, ಬೇರೊಂದು ಆ್ಯಪ್‌ನಿಂದ. ಆ ಹಣ ಎಲ್ಲಿಗೆ ಹೋಯಿತೆಂದು ಸಾಲ ಕೊಟ್ಟವನು ಕೇಳುವುದಿಲ್ಲ, ಆದ್ದರಿಂದ ಸಾಲ ಸಿಂಧು. ನೂರೈವತ್ತು ವರ್ಷದ ಹಿಂದಿನ ಶಾಸನಕಾರ ಕಟ್ಟಿದ ಬೇಲಿಯನ್ನು ಎರಡು ಆ್ಯಪ್‌ಗಳು ಕೈ ಕೈ ಹಿಡಿದು ದಾಟಿಬಿಟ್ಟಿವೆ. ನಿಜವಾದ ಮುಂದಿನ ಕಾನೂನು ಬೇಕಿರುವುದು ಇಲ್ಲಿ. ಬ್ರಿಟನ್ ಕ್ರೆಡಿಟ್ ಕಾರ್ಡಿಗೆ ಮಾಡಿದ್ದನ್ನು ನಮ್ಮವರು ಸಾಲದ ಆ್ಯಪ್‌ಗಳಿಗೆ ಮಾಡಬೇಕು.

ಅಲ್ಲಿಯವರೆಗೆ, ಆಡಿದವನಿಗೆ ಹೊಸ ಕಾಯಿದೆಯಲ್ಲಿ ಶಿಕ್ಷೆಯಿಲ್ಲ ಎಂಬ ಒಂದೇ ಮಾತು ನಮ್ಮ ಹೋಟೆಲು ಮಾಲಿಕರಿಗೆ, ರಾತ್ರಿಶಾಲೆಗಳ ಮಾಸ್ತರರಿಗೆ, ಸಂಘದ ಕಾರ್ಯಕರ್ತರಿಗೆ ತಿಳಿದಿದ್ದರೂ ಉಪಯೋಗವುಂಟು. ಪೊಲೀಸರು ಹಿಡಿಯುತ್ತಾರೆಂಬ ಭಯದಿಂದಲೇ ಎಷ್ಟೋ ಹುಡುಗರು ಬಾಯಿ ಬಿಡುವುದಿಲ್ಲ. 2022ರ ಅಕ್ಟೋಬರದಲ್ಲಿ ಕೇಂದ್ರ ಸರಕಾರ ಆರಂಭಿಸಿದ ಟೆಲಿ ಮಾನಸ್ ಎಂಬ ಉಚಿತ ದೂರವಾಣಿ ಸೇವೆ 14416 ಸಂಖ್ಯೆಯಲ್ಲಿ ಹಗಲೂ ರಾತ್ರಿಯೂ ದೊರೆಯುತ್ತದೆ, ಕನ್ನಡವೂ ಸೇರಿ ಹಲವು ಭಾಷೆಗಳಲ್ಲಿ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ತಂತ್ರಜ್ಞಾನದ ಗೀಳಿಗೆಂದೇ 2014ರಿಂದ ಪ್ರತ್ಯೇಕ ಚಿಕಿತ್ಸಾಲಯವಿದೆ. ಈ ಸಂಖ್ಯೆಯನ್ನು ಹೋಟೆಲಿನ ಅಟ್ಟದ ಮೆಟ್ಟಿಲ ಬಳಿ, ಸಂಘದ ವಾಚನಾಲಯದ ಫಲಕದ ಮೇಲೆ, ಕನ್ನಡದಲ್ಲಿ ದೊಡ್ಡದಾಗಿ ಬರೆದು ಅಂಟಿಸಲು ಒಂದು ಹಾಳೆಯೂ ಒಂದಿಷ್ಟು ಗೋಂದೂ ಸಾಕು.